ಬೂಷ್ಟು ಹಿಡಿದ ಗೋಡೆ: ಬಣ್ಣದವರಿಗೆ ಫೋನ್ ಮಾಡುವ ಮೊದಲು

ಬೆಳಗಾವಿಯಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷಾ ಮುಗಿಯುವವರೆಗೂ ಬಿಸಿಲು ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಹಸಿಹಸಿ. ಜುಲೈ ಕೊನೆಯ ಹೊತ್ತಿಗೆ ಕಪಾಟಿನ ಹಿಂದೆ, ಕಿಟಕಿಯ ಮೂಲೆಯಲ್ಲಿ, ಬಾತ್‌ರೂಮಿನ ಛಾವಣಿಯಲ್ಲಿ ಕಪ್ಪು-ಹಸಿರು ಚುಕ್ಕೆಗಳು ಮೂಡುತ್ತವೆ. ಸ್ಟ್ಯಾಂಡಿನಲ್ಲಿಟ್ಟ ಲೆದರ್ ಬೂಟಿನ ಮೇಲೆ ಬಿಳಿ ಪದರ ಕೂರುತ್ತದೆ. ಟಿಳಕವಾಡಿಯ ಹಳೇ ಬಂಗಲೆ, ಶಹಾಪುರದ ಒತ್ತೊತ್ತಾದ ಮನೆ, ಊರ ಹೊರಗಿನ ಹೊಸ ಅಪಾರ್ಟ್‌ಮೆಂಟ್, ಯಾವುದನ್ನೂ ಬಿಡುವುದಿಲ್ಲ. ದಸರೆ ಹತ್ತಿರ ಬಂದಾಗ ಬಣ್ಣದವರನ್ನು ಕರೆಸುತ್ತೇವೆ. ಕೆರೆದು, ಪುಟ್ಟಿ ಹಚ್ಚಿ, ಎರಡು ಕೋಟ್ ಹೊಡೆದು ಹೋಗುತ್ತಾರೆ. ಮುಂದಿನ ಆಷಾಢಕ್ಕೆ ಅದೇ ಜಾಗದಲ್ಲಿ ಅದೇ ಚುಕ್ಕೆ.

ಬಣ್ಣವನ್ನು ಬೈದು ಪ್ರಯೋಜನವಿಲ್ಲ. ಗೋಡೆಗೆ ಎಲ್ಲಿಂದಲೋ ನೀರು ಬರುತ್ತಿದೆ. ಅದು ನಿಲ್ಲುವವರೆಗೆ ಯಾವ ಕಂಪನಿಯ ಬಣ್ಣ ಹೊಡೆದರೂ ಕಥೆ ಅಷ್ಟೇ. ಮನೆ ಮಾರುವ ಯೋಚನೆ ಇದ್ದವರಂತೂ ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಗೊತ್ತಿದ್ದೂ ಬಣ್ಣ ಹೊಡೆದು ಮುಚ್ಚುವುದನ್ನು ಕಾನೂನು ಬರೀ ರಿಪೇರಿ ಅಂತ ನೋಡುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ.

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ, ದಿನಕ್ಕೆ ಎರಡು ಸಲ ನೆಲ ಒರೆಸುವವರ ಮನೆಯಲ್ಲೂ ಇರುತ್ತವೆ. ಅವಕ್ಕೆ ಬೇಕಾದ ಊಟವೂ ಮನೆ ತುಂಬ ಇದೆ: ಮರ, ಪ್ಲೈವುಡ್, ಕಾಗದ, ಹತ್ತಿ, ಚರ್ಮ, ಬಣ್ಣದೊಳಗಿನ ಅಂಟು, ಗೋಡೆಗೆ ಕೂತ ಧೂಳು. ಬೆಚ್ಚಗಿನ ಹವೆ ನಮ್ಮಲ್ಲಿ ವರ್ಷವಿಡೀ ಸಿಗುತ್ತದೆ. ಹಾಗಾಗಿ ನಾವು ತಡೆಯಬಹುದಾದದ್ದು ನೀರನ್ನು ಮಾತ್ರ. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ ಅನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿ. ಮನೆಯೊಳಗಿನ ಗಾಳಿಯ ತೇವಾಂಶ ಶೇ. 60ಕ್ಕಿಂತ ಕೆಳಗಿರಲಿ, 30ರಿಂದ 50 ಇದ್ದರೆ ಇನ್ನೂ ಒಳ್ಳೆಯದು ಅಂತಲೂ ಅದು ಹೇಳುತ್ತದೆ. ಜಡಿಮಳೆಯ ದಿನ ಬೆಳಗಾವಿಯಲ್ಲಿ ಹೊರಗಿನ ಗಾಳಿಯೇ ಶೇ. 90 ದಾಟಿರುತ್ತದೆ. ಆ 50 ನಮಗೆ ಕನಸಿನ ಮಾತು. 48 ಗಂಟೆಯ ಲೆಕ್ಕವನ್ನಾದರೂ ನೆನಪಿಟ್ಟುಕೊಳ್ಳೋಣ.

ನೀರು ಬರುವ ದಾರಿ

ಮೊದಲು ಮೇಲೆ ನೋಡಿ. ಛಾವಣಿಯಲ್ಲಿ ಅಥವಾ ಗೋಡೆಯ ಮೇಲ್ತುದಿಯಲ್ಲಿ ಕಂದು ಅಂಚಿನ ಕಲೆ ಇದ್ದರೆ, ಜೋರು ಮಳೆಯ ಮರುದಿನ ಅದು ದೊಡ್ಡದಾದರೆ, ಮಾಳಿಗೆಯಿಂದ ನೀರು ಇಳಿಯುತ್ತಿದೆ. ಸಾಮಾನ್ಯವಾಗಿ ಸ್ಲ್ಯಾಬಿನ ನಟ್ಟನಡುವೆ ತೂತು ಬಿದ್ದಿರುವುದಿಲ್ಲ. ನೀರು ಹೋಗುವ ಕೊಳವೆಯ ಬಾಯಿಗೆ ಎಲೆ-ಕಸ ಸಿಕ್ಕಿಕೊಂಡು ನೀರು ನಿಂತಿರುತ್ತದೆ. ಪ್ಯಾರಾಪೆಟ್ ಗೋಡೆಯೂ ಸ್ಲ್ಯಾಬೂ ಕೂಡುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಇರುತ್ತದೆ. ಟ್ಯಾಂಕ್ ತುಂಬಿ ಹರಿಯುವ ಜಾಗ ದಿನವೂ ಒದ್ದೆಯಾಗಿರುತ್ತದೆ. ಬೇಸಿಗೆಯಲ್ಲೇ ಪರೀಕ್ಷೆ ಮಾಡಬಹುದು. ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಮಾಳಿಗೆ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ, ಒಂದೆರಡು ದಿನ ಕೆಳಗೆ ಛಾವಣಿ ನೋಡುತ್ತಿರಿ. ಒದ್ದೆ ಕಂಡ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿ, ದಿನಾಂಕ ಬರೆಯಿರಿ. ಸ್ಲ್ಯಾಬ್ ತೀರಾ ಹಳೆಯದಾಗಿ ಕಬ್ಬಿಣ ಕಾಣುತ್ತಿದ್ದರೆ ಮಾತ್ರ ಈ ಪ್ರಯೋಗ ಬೇಡ, ಎಂಜಿನಿಯರರಿಗೆ ತೋರಿಸಿ.

ಕಲೆ ಏಪ್ರಿಲ್‌ನಲ್ಲೂ ಹಾಗೇ ಹಸಿಯಾಗಿದ್ದರೆ ಪಾಪ ಮಳೆಯನ್ನು ಬೈಯಬೇಡಿ. ಅದು ಮೇಲಿನ ಮನೆಯ ಬಾತ್‌ರೂಮಿನದು, ಇಲ್ಲವೇ ಗೋಡೆಯೊಳಗಿನ ಪೈಪಿನದು. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರ್ ನೋಡಿ. ಆಗಲೂ ಮುಳ್ಳು ತಿರುಗುತ್ತಿದ್ದರೆ ಮೀಟರಿನಿಂದ ಈಚೆಗೆ ಎಲ್ಲೋ ಸೋರಿಕೆ ಇದೆ. ಬಚ್ಚಲಿನ ಟೈಲ್ಸ್ ಸಂದಿಯ ಗ್ರೌಟ್ ಉದುರಿದ್ದರೂ ಇದೇ ಹಾಡು. ಆದರೆ ಅದು ಮೀಟರಿನಲ್ಲಿ ಗೊತ್ತಾಗುವುದಿಲ್ಲ.

ಎರಡನೆಯದು ಪಡುವಣದ ಗೋಡೆ. ಮುಂಗಾರು ಗಾಳಿ ಘಟ್ಟ ದಾಟಿ ಪಶ್ಚಿಮ, ನೈಋತ್ಯ ದಿಕ್ಕಿನಿಂದ ಬೀಸುವುದರಿಂದ ಇರಚಲೆಲ್ಲ ಆ ಗೋಡೆಗೇ. ಹೊರಗೆ ನಿಂತು ಸಜ್ಜಾದ ಕೆಳಗಂಚನ್ನು ಒಮ್ಮೆ ನೋಡಿ. ಅಂಚಿನ ಒಳಗೆ ಉದ್ದಕ್ಕೂ ಬೆರಳಿನಗಲ ಗೆರೆ ತೋಡಿದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಗೆರೆ ಇಲ್ಲದಿದ್ದರೆ ಸಜ್ಜಾದ ಹೊಟ್ಟೆಗೆ ಅಂಟಿಕೊಂಡು ತೆವಳುತ್ತಾ ಗೋಡೆಗೆ ಬಂದು ಕಿಟಕಿಯ ಚೌಕಟ್ಟಿನ ಮೇಲಿಂದ ಒಳಗಿಳಿಯುತ್ತದೆ. ಕಟ್ಟುವಾಗ ಕವಡೆ ಖರ್ಚಿಲ್ಲದ ಕೆಲಸ ಇದು. ಎಷ್ಟು ಮನೆಗಳಲ್ಲಿ ಬಿಟ್ಟಿರುತ್ತಾರೆ ಅಂತ ಬೀದಿಯಲ್ಲಿ ಸುಮ್ನೆ ತಲೆ ಎತ್ತಿ ನಡೆದರೆ ಗೊತ್ತಾಗುತ್ತದೆ.

ಮೂರನೆಯದು ನೆಲದಿಂದ ಏರುವ ನೀರು. ಇದು ಸಾಮಾನ್ಯವಾಗಿ ಸುಮಾರು ಮೂರು ಅಡಿಗಿಂತ ಮೇಲೆ ಹೋಗುವುದಿಲ್ಲ. ಗೋಡೆಯ ಬುಡದಿಂದ ಅಂಕುಡೊಂಕು ಗೆರೆಯವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ. ಪಾಯದ ಮೇಲೆ ತೇವ ತಡೆಯುವ ಪದರ ಹಾಕಿಲ್ಲ, ಅಥವಾ ಹಾಕಿದ್ದು ಕೆಟ್ಟಿದೆ ಅಂತ ಅರ್ಥ. ರಸ್ತೆಗೆ ಮೇಲಿಂದ ಮೇಲೆ ಡಾಂಬರು, ಕಾಂಕ್ರೀಟು ಸುರಿದು ಎಷ್ಟೋ ಹಳೇ ಮನೆಗಳ ನೆಲ ರಸ್ತೆಗಿಂತ ಕೆಳಗೆ ಹೋಗಿದೆ. ಹೊರಗಿನ ಮಣ್ಣು ಆ ಪದರಕ್ಕಿಂತ ಎತ್ತರವಾದರೆ ಅದು ಇದ್ದೂ ಇಲ್ಲದ ಹಾಗೆ. ಒಳಗೆ ವಾಟರ್‌ಪ್ರೂಫ್ ಬಳಿಯುವ ಮೊದಲು ಹೊರಗೆ ಮಣ್ಣು ತಗ್ಗಿಸಿ, ನೀರು ಹರಿದುಹೋಗಲು ಗಟಾರ ಮಾಡಿ.

ನಾಲ್ಕನೆಯದನ್ನು ಜನ ನಂಬುವುದೇ ಇಲ್ಲ. ಎಲ್ಲೂ ಸೋರುತ್ತಿಲ್ಲ, ಆದರೂ ಕಪಾಟಿನ ಹಿಂದೆ ಬೂಷ್ಟು. ಇದು ಗಾಳಿಯೊಳಗಿನ ನೀರು. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು, 15 ಡಿಗ್ರಿಯದು ಸುಮಾರು 13 ಗ್ರಾಂ ಮಾತ್ರ. ಬೆಚ್ಚಗಿನ ಹಸಿ ಗಾಳಿ ತಣ್ಣನೆಯ ಗೋಡೆಗೆ ತಾಗಿದಾಗ ಹಿಡಿಯಲಾರದಷ್ಟು ನೀರನ್ನು ಅಲ್ಲೇ ಬಿಡುತ್ತದೆ. 25 ಡಿಗ್ರಿ ಉಷ್ಣತೆ, ಶೇ. 85 ತೇವಾಂಶ ಇರುವ ಕೋಣೆಯಲ್ಲಿ ಗೋಡೆ 22 ಡಿಗ್ರಿಗೆ ಇಳಿದರೆ ಸಾಕು, ಬೆವರುತ್ತದೆ. ಬರೀ ಮೂರು ಡಿಗ್ರಿ! ಹೊರಗಿನ ಮಳೆಗೆ ನೆನೆದ ಪಡುವಣದ ಗೋಡೆ, ಅದಕ್ಕೆ ಒತ್ತಿ ನಿಂತ ಪ್ಲೈವುಡ್ ಕಪಾಟು, ನಡುವೆ ಗಾಳಿ ಆಡದ ಸಂದು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಆ ನೀರಾವಿ ಬಹುಮಟ್ಟಿಗೆ ನಮ್ಮದೇ. ಮಳೆಗೆ ಹೆದರಿ ಕಿಟಕಿ ಮುಚ್ಚುತ್ತೇವೆ, ಬೆಡ್‌ರೂಮಿನಲ್ಲಿ ಹಗ್ಗ ಕಟ್ಟಿ ಫ್ಯಾನಿನ ಕೆಳಗೆ ಬಟ್ಟೆ ಒಣಗಿಸುತ್ತೇವೆ. ವಾಷಿಂಗ್ ಮಷೀನಿನಿಂದ ಹಿಂಡಿ ತೆಗೆದ ಒಂದು ತುಂಬು ಬಟ್ಟೆಯಲ್ಲೂ ಸುಮಾರು ಎರಡು ಲೀಟರ್ ನೀರು ಉಳಿದಿರುತ್ತದೆ. ಬಟ್ಟೆ ಒಣಗಿತು ಅಂದರೆ ಆ ಎರಡು ಲೀಟರ್ ಕೋಣೆಯ ಗಾಳಿಗೆ ಸೇರಿತು ಅಂತಲೇ. ಬಟ್ಟೆ ಹಾಕಲು ಒಂದೇ ಕೋಣೆ ಗೊತ್ತುಮಾಡಿ, ಅದರ ಬಾಗಿಲು ಮುಚ್ಚಿ, ಕಿಟಕಿ ತೆರೆದಿಡಿ ಅಥವಾ ಎಕ್ಸಾಸ್ಟ್ ಫ್ಯಾನ್ ಹಾಕಿ. ಕಪಾಟನ್ನು ಗೋಡೆಯಿಂದ ಮೂರು-ನಾಲ್ಕು ಇಂಚು ಮುಂದೆ ಎಳೆಯಿರಿ. ಸಾಧ್ಯವಾದರೆ ಪಡುವಣದ ಗೋಡೆಗೆ ಕಪಾಟನ್ನೇ ಇಡಬೇಡಿ. ಮಳೆ ನಿಂತು ಗಾಳಿ ಒಣಗಿದ ಹೊತ್ತಿನಲ್ಲಿ ಎದುರುಬದುರು ಕಿಟಕಿ ತೆರೆಯಿರಿ, ಜಡಿಮಳೆಯಲ್ಲಿ ತೆರೆದರೆ ಹಸಿ ಗಾಳಿಯನ್ನೇ ಒಳಗೆ ಕರೆದ ಹಾಗೆ. ತೇವಾಂಶ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಕೊಂಡರೆ ನಷ್ಟವಿಲ್ಲ.

ಗೋಡೆಯ ಒಳಗಿನ ನೀರೋ ಗಾಳಿಯ ನೀರೋ ಅಂತ ಅನುಮಾನ ಬಂದರೆ ಹೀಗೆ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಹಾಳೆಯ ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ನಮ್ಮ ಕಡೆ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯದು. ಎರಡೂ ಕಡೆ ಇದ್ದರೆ ಎರಡೂ ಹೌದು, ಬೆಳಗಾವಿಯಲ್ಲಿ ಅದೇನೂ ಅಪರೂಪವಲ್ಲ. ಒಳ್ಳೆಯ ಗೌಂಡಿಯಾದರೆ ಇದರ ಜೊತೆಗೆ ಕರಣೆಯ ಹಿಡಿಯಿಂದ ಗೋಡೆ ಬಡಿದು ನೋಡುತ್ತಾನೆ. ಟಣ್ ಅನ್ನುವ ಕಡೆ ಮುಂದೆ ಹೋಗುತ್ತಾನೆ, ಡಬ್ ಅಂದ ಕಡೆ ನಿಲ್ಲುತ್ತಾನೆ. “ಇಲ್ಲೆ ಪೊಳ್ಳ ಆಗೇತ್ರಿ ಸರ” ಅಂದರೆ ಅಲ್ಲಿ ಪ್ಲಾಸ್ಟರ್ ಗೋಡೆ ಬಿಟ್ಟಿದೆ. ಅಷ್ಟನ್ನು ಕಿತ್ತು ತೆಗೆಯದೆ ಮೇಲೆ ಏನು ಹಚ್ಚಿದರೂ ದುಡ್ಡು ದಂಡ.

ಬಿಳಿ ಪುಡಿ ಬೇರೆ, ಬೂಷ್ಟು ಬೇರೆ

ವಿಜಯಪುರ, ಬಾಗಲಕೋಟೆ ಕಡೆಯವರು ಇದೆಲ್ಲ ಬೆಳಗಾವಿಯವರ ತಾಪತ್ರಯ ಅನ್ನಬಹುದು. ಅರ್ಧ ನಿಜ. ಬೆಳಗಾವಿ ನಗರಕ್ಕೆ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ, ವಿಜಯಪುರಕ್ಕೆ ಅದರ ಅರ್ಧದಷ್ಟು. ಆದರೆ ಆ ಕಡೆಯ ಗೋಡೆಗಳ ಬುಡದಲ್ಲಿ ಬಿಳಿ ಹಿಟ್ಟಿನಂಥದ್ದು ಕಾಣುತ್ತದಲ್ಲ, ಅದನ್ನು ನೋಡಿ ಬೂಷ್ಟು ಅಂತ ಔಷಧ ಹೊಡೆಸುವವರಿದ್ದಾರೆ. ಬಹಳ ಸಲ ಅದು ಉಪ್ಪು. ಬೋರ್‌ವೆಲ್ಲಿನ ಉಪ್ಪು ನೀರಲ್ಲಿ ಸಿಮೆಂಟ್ ಕಲಸಿ, ಅದೇ ನೀರನ್ನು ಗೋಡೆಗೆ ಹೊಡೆದು ಕ್ಯೂರಿಂಗ್ ಮಾಡಿದ್ದರೆ ಉಪ್ಪು ಒಳಗೇ ಕೂತಿರುತ್ತದೆ. ಸವಳು ನೆಲವಾದರೆ ಕೆಳಗಿನಿಂದಲೂ ಏರುತ್ತದೆ. ನೀರು ಒಣಗುವಾಗ ಉಪ್ಪು ಮೇಲ್ಮೈಗೆ ಬಂದು ಹರಳುಗಟ್ಟಿ ಬಣ್ಣವನ್ನು ಎಬ್ಬಿಸುತ್ತದೆ. ಗುರುತು ಹಿಡಿಯುವುದು ಸುಲಭ. ಚಿಟಿಕೆ ತೆಗೆದು ನೀರಿಗೆ ಹಾಕಿ: ಕರಗಿದರೆ ಉಪ್ಪು, ಕರಗದೆ ತೇಲಾಡಿದರೆ ಬೂಷ್ಟಿರಬಹುದು. ಉಪ್ಪನ್ನು ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಬೂಷ್ಟಿಗೆ ಇದರ ತದ್ವಿರುದ್ಧ, ಒಣ ಬ್ರಷ್ಷಿನಿಂದ ಉಜ್ಜಿದರೆ ಬೀಜಕಣಗಳೆಲ್ಲ ಮನೆ ತುಂಬ ಹಾರುತ್ತವೆ. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹಳೇ ಮನೆಯವರಿಗೆ ಇನ್ನೊಂದು ಮಾತು. ಕೆಂಪು ಜಂಬಿಟ್ಟಿಗೆಯ ಕಲ್ಲು ರಂಧ್ರಗಳಿಂದ ತುಂಬಿದ್ದು, ನೀರು ಕುಡಿಯುತ್ತದೆ. ಹಿಂದಿನವರು ಅದಕ್ಕೆ ಮಣ್ಣು ಇಲ್ಲವೇ ಸುಣ್ಣದ ಗಾರೆ ಹಾಕಿ, ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಕುಡಿದ ನೀರು ಸುಣ್ಣದ ಮೂಲಕ ಹೊರಗೆ ಆರಿ ಹೋಗುತ್ತಿತ್ತು. ಜೊತೆಗೆ ಹಸಿ ಸುಣ್ಣದ ಖಾರಕ್ಕೆ ಬೂಷ್ಟು ಬೆಳೆಯುವುದೂ ಕಷ್ಟ. ಈಗ ಅದೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಹೊಳೆಯುವ ಪ್ಲಾಸ್ಟಿಕ್ ಪೇಂಟ್. ನೀರು ಹೊರಗೆ ಬರುವ ದಾರಿ ಮುಚ್ಚಿತು, ಒಳಗೆ ಬರುವ ದಾರಿ ಹಾಗೇ ಉಳಿಯಿತು. ನನ್ನನ್ನು ಕೇಳಿದರೆ ಇಂಥ ಮನೆಗೆ ದುಬಾರಿ ಪೇಂಟಿಗಿಂತ ಸುಣ್ಣವೇ ಮೇಲು. ಸುಣ್ಣದ ಗಾರೆ ಗೊತ್ತಿರುವ ಗೌಂಡಿ ಸಿಗುವುದು ಮಾತ್ರ ಈಗ ಕಷ್ಟ.

ತೊಳೆಯುವ ಕೆಲಸ

ಮೂರಡಿ ಉದ್ದ, ಮೂರಡಿ ಅಗಲಕ್ಕಿಂತ ಕಡಿಮೆ ಜಾಗಕ್ಕೆ ಹಿಡಿದ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಎನ್-95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಆ ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ, ಫ್ಯಾನ್ ಹಾಕಬೇಡಿ. ಮೊದಲು ಜಾಗವನ್ನು ಸ್ಪ್ರೇಯಿಂದ ಒದ್ದೆ ಮಾಡಿ, ಡಿಟರ್ಜೆಂಟ್ ನೀರಿನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಟೈಲ್ಸ್, ಗಾಜು, ಸ್ಟೀಲಿಗೆ ಇಷ್ಟು ಸಾಕು. ಒಳಗೆಲ್ಲ ಬೂಷ್ಟು ಹಿಡಿದ ಹತ್ತಿ ಗಾದಿ, ಉಬ್ಬಿದ ಪ್ಲೈವುಡ್ ಇವುಗಳ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಮೇಲೆ ಒರೆಸಿದರೂ ಬೇರು ಒಳಗಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ.

ಎಲ್ಲರೂ ಮೊದಲು ಕೇಳುವುದು ಬ್ಲೀಚ್ ಬಗ್ಗೆ. ಟೈಲ್ಸ್ ಮೇಲೆ ಅದು ಕೆಲಸ ಮಾಡುತ್ತದೆ. ಪ್ಲಾಸ್ಟರ್ ಗೋಡೆಯ ಮೇಲೆ ಹೊಡೆದರೆ ಕರೀ ಬಣ್ಣ ಹೋಗಿ ಬೆಳ್ಳಗಾಗುತ್ತದೆ, ನಮಗೆ ಸಮಾಧಾನವಾಗುತ್ತದೆ. ಕ್ಲೋರಿನ್ ಮೇಲ್ಮೈಯಲ್ಲೇ ಮುಗಿದು, ಅದರ ಜೊತೆಗಿದ್ದ ನೀರು ಗೋಡೆಯೊಳಗೆ ಇಳಿದಿರುತ್ತದೆ. ಬೂಷ್ಟಿಗೆ ನಾವೇ ನೀರು ಕುಡಿಸಿದ ಹಾಗಾಯಿತು. ಇನ್ನೊಂದು ವಿಷಯವನ್ನು ಜೋರಾಗಿಯೇ ಹೇಳಬೇಕು: ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬೇಡ. ಮುಚ್ಚಿದ ಬಾತ್‌ರೂಮಿನಲ್ಲಿ ಇದು ಜೀವಕ್ಕೇ ಅಪಾಯ.

ಹೊಳೆಯ ನೀರು ನುಗ್ಗಿದ ಮನೆಗಳ ಕಥೆ ಬೇರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ನೀರು ದಿನಗಟ್ಟಲೆ ನಿಂತಿತ್ತು. ಹಾಗೆ ನೆನೆದ ಗೋಡೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ದಪ್ಪ ಗೋಡೆ ಒಣಗಲು ಇಂಚಿಗೆ ಸುಮಾರು ಒಂದು ತಿಂಗಳು ಅನ್ನುವ ಒರಟು ಲೆಕ್ಕ ಕಟ್ಟಡದವರಲ್ಲಿದೆ. ಒಂಬತ್ತಿಂಚಿನ ಗೋಡೆಯಾದರೆ ತಿಂಗಳುಗಟ್ಟಲೆ ಕಾಯಲೇಬೇಕು. ಅವಸರದಲ್ಲಿ ಪುಟ್ಟಿ ಹಚ್ಚಿದರೆ ಅದು ನಿಲ್ಲುವುದಿಲ್ಲ.

ಆರೋಗ್ಯದ ವಿಷಯ ಚಿಕ್ಕದಾಗಿ. ಹಸಿ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ಇಷ್ಟಿದ್ದರೆ ತೊಂದರೆಯಿಲ್ಲ ಅನ್ನುವ ಅಳತೆಯನ್ನು ಮಾತ್ರ ಅದು ಕೊಟ್ಟಿಲ್ಲ. ಅಸ್ತಮಾ ಇದ್ದವರು, ಕೀಮೋ ತೆಗೆದುಕೊಳ್ಳುತ್ತಿರುವವರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರು ತೊಳೆಯುವ ದಿನ ಆ ಮನೆಯಲ್ಲಿರದಿದ್ದರೆ ಒಳ್ಳೆಯದು. ಕೋವಿಡ್ ಎರಡನೇ ಅಲೆಯಲ್ಲಿ, 2021ರಲ್ಲಿ, ‘ಕಪ್ಪು ಶಿಲೀಂಧ್ರ’ ಅಂತ ಕೇಳಿ ಹೆದರಿದವರು ಗೋಡೆಯ ಕಪ್ಪು ಕಲೆ ನೋಡಿದರೆ ಈಗಲೂ ಬೆಚ್ಚುತ್ತಾರೆ. ಆ ಕಾಯಿಲೆ ಬೇರೆ ಜಾತಿಯ ಶಿಲೀಂಧ್ರದಿಂದ ಬರುವಂಥದ್ದು. ಬೂಷ್ಟಿನ ಬಣ್ಣ ನೋಡಿ ಅದರ ಜಾತಿಯನ್ನಾಗಲಿ, ವಿಷವನ್ನಾಗಲಿ ಹೇಳಲು ಬರುವುದಿಲ್ಲ. ಜಾತಿ ಯಾವುದೇ ಇರಲಿ, ಮಾಡುವ ಕೆಲಸ ಒಂದೇ ಆದ್ದರಿಂದ ಲ್ಯಾಬ್ ಪರೀಕ್ಷೆಗೆ ಕೊಡುವ ದುಡ್ಡನ್ನು ಮಾಳಿಗೆ ರಿಪೇರಿಗೆ ಹಾಕಿ.

ಮಾರುವಾಗ, ಕೊಳ್ಳುವಾಗ

ನಮ್ಮಲ್ಲಿ ಮನೆ ವ್ಯವಹಾರ ಜಾಸ್ತಿ ನಡೆಯುವುದು ಬೇಸಿಗೆಯಲ್ಲಿ. ಗೋಡೆ ಒಣಗಿರುತ್ತದೆ, ಹೊಸ ಬಣ್ಣ ಹೊಡೆದಿರುತ್ತದೆ, ನೋಡಲು ಬಂದವರಿಗೆ ಏನೂ ಕಾಣುವುದಿಲ್ಲ. “ಒಂದ್ ಕೋಟ್ ಹೊಡಸ್ರಿ, ರೇಟ್ ಬರ್ತೈತಿ” ಅನ್ನುವ ಏಜೆಂಟರೂ ಇದ್ದಾರೆ. ಈ ಸಲಹೆ ಕೇಳುವ ಮೊದಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಓದಿ. ಆಸ್ತಿಯಲ್ಲಿ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವನ ಕಣ್ಣಿಗೆ ಬೀಳುವಂತಿಲ್ಲದಿದ್ದರೆ, ಮಾರುವವನು ಅದನ್ನು ಹೇಳಬೇಕು. ಹೇಳದಿದ್ದರೆ ಅದು ಮೋಸ ಅಂತ ಆ ಸೆಕ್ಷನ್ನೇ ಹೇಳುತ್ತದೆ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಕೂಡ ಗೊತ್ತಿದ್ದೂ ಬೇಕಂತಲೇ ಬಚ್ಚಿಡುವುದನ್ನು ಮೋಸದ ಪಟ್ಟಿಗೆ ಸೇರಿಸಿದೆ.

ಬಾತ್‌ರೂಮ್ ಮೂಲೆಯ ನಾಲ್ಕು ಕಪ್ಪು ಚುಕ್ಕೆಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ ಬಿಡಿ. ಆದರೆ ಪ್ರತಿ ಮಳೆಗಾಲ ಸೋರುವ ಸ್ಲ್ಯಾಬ್, ಒಳಗೆ ತುಕ್ಕು ಹಿಡಿದ ಕಬ್ಬಿಣ, ಅದರ ಮೇಲೆ ಮಾರುವ ತಿಂಗಳಲ್ಲೇ ಹೊಡೆದ ಬಣ್ಣ, ಇದು ಬೇರೆ ಮಾತು. ಬಣ್ಣದ ಬಿಲ್ಲೇ ಸಾಕ್ಷಿಯಾಗಬಹುದು. ‘ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ’ ಅಂತ ಬರೆಸಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಬೇಕಂತಲೇ ಬಚ್ಚಿಟ್ಟದ್ದಕ್ಕೂ ಆ ಸಾಲು ರಕ್ಷಣೆ ಕೊಡುತ್ತದಾ ಅಂತ ನಿಮ್ಮ ವಕೀಲರನ್ನು ಮೊದಲೇ ಕೇಳಿ.

ಮಾರುವವರಿಗೆ ನೇರ ದಾರಿಯೇ ಅಗ್ಗ. ಎಲ್ಲಿ ಸೋರುತ್ತಿತ್ತು, ಏನು ರಿಪೇರಿ ಮಾಡಿಸಿದಿರಿ, ಅದಾದ ಮೇಲೆ ಎಷ್ಟು ಮಳೆಗಾಲ ಕಳೆದವು, ಇಷ್ಟನ್ನು ಫೋಟೋ, ಬಿಲ್ ಸಮೇತ ಇಟ್ಟುಕೊಳ್ಳಿ. ಸಂಚಕಾರ ತೆಗೆದುಕೊಳ್ಳುವಾಗ ಕರಾರಿನಲ್ಲೇ ಎರಡು ಸಾಲು ಬರೆಸಿ. ರಿಪೇರಿ ಮಾಡಿಸಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಹಾಗೇ ಹೇಳಿ, ಎಂಜಿನಿಯರರಿಂದ ಖರ್ಚಿನ ಅಂದಾಜು ಬರೆಸಿ, ಬೆಲೆಯಲ್ಲಿ ಅಷ್ಟು ಬಿಡಿ. ಲೆಕ್ಕ ಗೊತ್ತಾದರೆ ಕೊಳ್ಳುವವರು ಅಷ್ಟಾಗಿ ಹೆದರುವುದಿಲ್ಲ. ಗೊತ್ತಾಗದ ಕಲೆಗೆ ಮಾತ್ರ ಇದ್ದಕ್ಕಿಂತ ಜಾಸ್ತಿ ದುಡ್ಡು ಕಡಿಯುತ್ತಾರೆ.

ಕೊಳ್ಳುವವರು ಸಾಧ್ಯವಾದರೆ ಮನೆಯನ್ನು ಮಳೆಗಾಲದಲ್ಲೊಮ್ಮೆ ನೋಡಬೇಕು. ಬೇಸಿಗೆಯಲ್ಲೇ ನೋಡುವುದಾದರೆ ಒಳಗೆ ಕಾಲಿಟ್ಟ ಕೂಡಲೇ ವಾಸನೆ ಗಮನಿಸಿ. ಮುಗ್ಗು ವಾಸನೆಯನ್ನು ಬಣ್ಣದಿಂದ ಮುಚ್ಚುವುದು ಕಷ್ಟ, ಅದಕ್ಕೇ ಕೆಲವರು ಊದುಬತ್ತಿ ಹಚ್ಚಿಟ್ಟಿರುತ್ತಾರೆ. ಗೋಡೆಗೆ ಕೂಡಿಸಿದ ಕಪಾಟಿನ ಒಳಗೆ ಟಾರ್ಚ್ ಹಾಕಿ ಹಿಂಬದಿ ಹಲಗೆ ಮುಟ್ಟಿ ನೋಡಿ. ಉಳಿದ ಗೋಡೆ ಹಳೆಯದಾಗಿದ್ದು ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳಿ. ಮಾಳಿಗೆ ಹತ್ತಿ. ಕೆಳಗಿನ ಮನೆಯವರನ್ನೂ ಅಕ್ಕಪಕ್ಕದವರನ್ನೂ ಮಾತಾಡಿಸಿ. ಅವರಿಗೆ ಮಾರುವ ಆತುರವಿಲ್ಲ, ನಿಜ ಹೇಳುತ್ತಾರೆ.

ಬಿಲ್ಡರ್‌ನಿಂದ ಹೊಸ ಫ್ಲಾಟ್ ಕೊಂಡಿದ್ದರೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ನಿಮ್ಮ ಬೆನ್ನಿಗಿದೆ. ಅದು ಅನ್ವಯಿಸುವ ಪ್ರಾಜೆಕ್ಟುಗಳಲ್ಲಿ ಕಟ್ಟಡದ ರಚನೆ, ಕೆಲಸಗಾರಿಕೆ, ಗುಣಮಟ್ಟದ ದೋಷ ಕಂಡು, ಸ್ವಾಧೀನ ಪಡೆದ 5 ವರ್ಷದೊಳಗೆ ಅದನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು ಅಂತ 14ನೇ ಸೆಕ್ಷನ್ ಹೇಳುತ್ತದೆ. ಬಾಯಿಮಾತಿನ ದೂರನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಮೊದಲ ಮಳೆಗಾಲದಲ್ಲೇ ಕಲೆ ಕಂಡರೆ ಫೋಟೋ ತೆಗೆದು ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬಿಲ್ಡರ್ ಕಡೆಯಿಂದ ಬರೀ ಪೇಂಟರ್ ಬಂದರೆ ಮಾಳಿಗೆ ಪರೀಕ್ಷೆ ಮಾಡಿಸಿದ್ದೀರಾ ಅಂತ ಬರಹದಲ್ಲೇ ಕೇಳಿ.